ನಂಜನಗೂಡಿನಿಂದ ಮಿಷಿಗನ್, ಮೈಸೂರಿನಿಂದ ಕಾನ್ಪುರ: ಕಂಪ್ಯೂಟರ್ ಉನ್ನತ ಓದಿನ ಅರ್ಜಿಗೂ ಒಂದು ಚರಿತ್ರೆ ಇದೆ

ಪ್ರತಿ ವರ್ಷ ಆಗಸ್ಟ್ ಕೊನೆಯಲ್ಲೋ ಸೆಪ್ಟೆಂಬರಿನಲ್ಲೋ ಗೇಟ್ ಪರೀಕ್ಷೆಯ ಅರ್ಜಿ ಶುರುವಾಗುತ್ತದೆ. ಕಂಪ್ಯೂಟರ್ ಸೈನ್ಸಿನಲ್ಲಿ ಎಂ.ಟೆಕ್. ಮಾಡಬೇಕು, ಮುಂದೆ ಪಿಎಚ್.ಡಿ. ಮಾಡಬೇಕು ಅನ್ನುವವರಿಗೆ ಅದೇ ಮುಖ್ಯ ಬಾಗಿಲು. ನಂಜನಗೂಡು, ಟಿ. ನರಸೀಪುರ ತಾಲ್ಲೂಕಿನ ಊರುಗಳಲ್ಲಿ ಈಗ ಇಂಜಿನಿಯರಿಂಗ್, ಬಿ.ಸಿ.ಎ., ಬಿ.ಎಸ್ಸಿ. ಓದುವ ಮಕ್ಕಳು ಬೇಕಾದಷ್ಟು ಇದ್ದಾರೆ. ಆದರೆ ಮುಂದೆ ಓದುವ ಮಾತು ಬಂದ ಕೂಡಲೇ ಮನೆಯಲ್ಲಿ ಕೇಳುವುದು ಒಂದೇ ಪ್ರಶ್ನೆ: ‘ಇನ್ನೂ ಎರಡು ವರ್ಷ ಓದಿಸೋಕೆ ದುಡ್ಡು ಎಲ್ಲಿಂದ ತರೋದು?’

ಈ ಪ್ರಶ್ನೆ ಹೊಸದಲ್ಲ. ನಮ್ಮ ಕಡೆಯಿಂದ ದೊಡ್ಡ ಓದಿಗೆ ಹೋದವರೆಲ್ಲ ಮೂರು ಬಾಗಿಲು ದಾಟಬೇಕಾಗಿತ್ತು. ಎಲ್ಲಿ ಏನು ಓದಬಹುದು ಅನ್ನುವ ಸುದ್ದಿ ಮೊದಲನೆಯದು. ಓದಲು ದುಡ್ಡು ಎರಡನೆಯದು. ಪರ ಊರಲ್ಲಿ ಉಳಿಯಲು ಜಾಗ ಮೂರನೆಯದು. ಬುದ್ಧಿ ಇದ್ದೂ ಈ ಮೂರರಲ್ಲಿ ಒಂದು ಬಾಗಿಲು ಮುಚ್ಚಿದ್ದಕ್ಕೆ ಹಿಂದೆ ಉಳಿದವರೇ ಹೆಚ್ಚು. ಈ ಬಾಗಿಲುಗಳನ್ನು ಯಾರು, ಯಾವಾಗ, ಹೇಗೆ ತೆರೆದರು ಅನ್ನುವುದನ್ನು ತಿಳಿದರೆ ಇವತ್ತಿನ ಅರ್ಜಿಯೂ ಚೆನ್ನಾಗಿ ಅರ್ಥವಾಗುತ್ತದೆ.

ರೈಲು ಬಂತು, ಕಾಲೇಜು ದೂರವೇ ಉಳಿಯಿತು

ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದದ್ದು 1891ರಲ್ಲಿ. ಟಿ. ನರಸೀಪುರಕ್ಕೆ ಇವತ್ತಿಗೂ ರೈಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯ ಶುರುವಾದದ್ದು 1916ರ ಜುಲೈನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಬ್ರಿಟಿಷರ ನೇರ ಆಡಳಿತದ ಹೊರಗೆ, ದೇಶೀಯ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯ ಅದು. ಮರುವರ್ಷವೇ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಸಂಸ್ಥಾನಕ್ಕೆ ಇಂಜಿನಿಯರಿಂಗ್ ಕಾಲೇಜೂ ಬಂತು. ಆದರೆ ಅದು ಬೆಂಗಳೂರಿನಲ್ಲಿ. ಮೈಸೂರು ಊರಿಗೆ ಇಂಜಿನಿಯರಿಂಗ್ ಕಾಲೇಜು ಬರಲು 1946ರವರೆಗೆ ಕಾಯಬೇಕಾಯಿತು. ಆ ವರ್ಷ ಶುರುವಾದದ್ದೇ ಎನ್‌ಐಇ.

ಇಪ್ಪತ್ತೈದು ಮೂವತ್ತು ಕಿಲೋಮೀಟರ್ ಇವತ್ತು ದೂರವೇ ಅಲ್ಲ. ಬೆಳಿಗ್ಗೆ ಬಸ್ ಹತ್ತಿ ಸಂಜೆ ಮನೆಗೆ ಬರುತ್ತೇವೆ. ಆಗ ಹಾಗಿರಲಿಲ್ಲ. ಮೈಸೂರಿನಲ್ಲಿ ನೆಂಟರಿಲ್ಲದ ರೈತನ ಮಗ ಎಲ್ಲಿ ಉಳಿಯಬೇಕು, ಏನು ಉಣ್ಣಬೇಕು? ಈ ಪ್ರಶ್ನೆಗೆ ನಂಜನಗೂಡು ತಾಲ್ಲೂಕಿನಿಂದಲೇ ಒಂದು ಉತ್ತರ ಬಂತು. ಕಪಿಲಾ ನದಿ ದಡದ ಸುತ್ತೂರು ಮಠದ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1941ರಲ್ಲಿ ಮೈಸೂರಿನಲ್ಲಿ ಹಳ್ಳಿ ಮಕ್ಕಳಿಗಾಗಿ ವಿದ್ಯಾರ್ಥಿ ನಿಲಯ ತೆರೆದರು. ಯುದ್ಧದ ಕಾಲ, ಅಕ್ಕಿ ರಾಗಿಗೂ ಅಭಾವ. ಮಕ್ಕಳ ಊಟಕ್ಕಾಗಿ ಸ್ವಾಮಿಗಳು ಚಿನ್ನದ ಕರಡಿಗೆಯನ್ನೇ ಮಾರಿದರು ಎಂದು ನಮ್ಮ ಕಡೆ ಹಿರಿಯರು ಈಗಲೂ ಹೇಳುತ್ತಾರೆ. 1954ರಲ್ಲಿ ಜೆಎಸ್ಎಸ್ ಮಹಾವಿದ್ಯಾಪೀಠ ಹುಟ್ಟಿತು. 1963ರಲ್ಲಿ ಎಸ್‌ಜೆಸಿಇ ಇಂಜಿನಿಯರಿಂಗ್ ಕಾಲೇಜು ಬಂತು. ಮೊದಲು ಹಾಸ್ಟೆಲ್, ಆಮೇಲೆ ಕಾಲೇಜು. ಈ ಕ್ರಮವನ್ನು ಗಮನಿಸಿ. ಹಳ್ಳಿ ಮಕ್ಕಳಿಗೆ ಮೊದಲು ಬೇಕಾಗಿದ್ದದ್ದು ಊಟ ಮತ್ತು ಸೂರು.

ಆಮೇಲೆ 1970ರ ದಶಕದಲ್ಲಿ, ಹುಣಸೂರಿನ ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, ಸರ್ಕಾರದ ಹಾಸ್ಟೆಲ್‌ಗಳು ಹೆಚ್ಚಿದವು. ಇವತ್ತು ನಾವು ‘ಬಿಸಿಎಂ ಹಾಸ್ಟೆಲ್’, ‘ಸಮಾಜ ಕಲ್ಯಾಣ ಹಾಸ್ಟೆಲ್’ ಎಂದು ಕರೆಯುವವುಗಳಿಂದ ಓದಿ ಮೇಲೆ ಬಂದವರು ಎರಡೂ ತಾಲ್ಲೂಕಿನಲ್ಲಿ ಎಷ್ಟೋ ಜನ.

ನಂಜನಗೂಡಿನ ವಕೀಲರ ಮಗಳು

ಈಗ ಒಬ್ಬ ಹೆಣ್ಣುಮಗಳ ಕಥೆ. ಹೆಸರು ರಾಜೇಶ್ವರಿ ಚಟರ್ಜಿ. ಹುಟ್ಟಿದ್ದು 1922ರಲ್ಲಿ. ತಂದೆ ಶಿವರಾಮಯ್ಯನವರು ನಂಜನಗೂಡಿನಲ್ಲಿ ವಕೀಲರು. ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ವಿಧವೆಯರ, ಗಂಡ ಬಿಟ್ಟ ಹೆಂಗಸರ ಓದಿಗಾಗಿ ದುಡಿದವರು. ಅಜ್ಜಿ ಶುರುಮಾಡಿದ್ದ ಶಾಲೆಯಲ್ಲೇ ಮೊಮ್ಮಗಳ ಮೊದಲ ಓದು. ಅಂದರೆ ‘ಸುದ್ದಿ’ ಅನ್ನುವ ಮೊದಲ ಬಾಗಿಲು ಈ ಮನೆಯಲ್ಲಿ ಆಗಲೇ ತೆರೆದಿತ್ತು.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ತೆಗೆದುಕೊಂಡ ರಾಜೇಶ್ವರಿ, ಬಿ.ಎಸ್ಸಿ. ಆನರ್ಸ್ ಮತ್ತು ಎಂ.ಎಸ್ಸಿ. ಎರಡರಲ್ಲೂ ಮೈಸೂರು ವಿಶ್ವವಿದ್ಯಾನಿಲಯಕ್ಕೇ ಮೊದಲ ರ‍್ಯಾಂಕ್ ಬಂದರು. ಮುಂದೆ ನಮ್ಮ ಜನ ‘ಟಾಟಾ ಇನ್‌ಸ್ಟಿಟ್ಯೂಟ್’ ಅನ್ನುವ ಐಐಎಸ್‌ಸಿಗೆ ಹೋಗಿ, ಸಿ.ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡಬೇಕೆಂದು ಕೇಳಿದರು. ಭೌತಶಾಸ್ತ್ರದ ಪದವಿ ಇಲ್ಲ ಎಂಬ ಕಾರಣಕ್ಕೆ ಅವಕಾಶ ಸಿಗಲಿಲ್ಲ. ಮೊದಲ ಅರ್ಜಿಯೇ ತಿರಸ್ಕಾರ. ರ‍್ಯಾಂಕ್ ಬಂದವರಿಗೂ ಹೀಗೆ ಆಗುತ್ತದೆ.

ರಾಜೇಶ್ವರಿ ಅಲ್ಲಿಗೇ ನಿಲ್ಲಲಿಲ್ಲ. 1943ರಲ್ಲಿ ಅದೇ ಸಂಸ್ಥೆಯ ವಿದ್ಯುತ್ ವಿಭಾಗಕ್ಕೆ, ಸಂಪರ್ಕ ತಂತ್ರಜ್ಞಾನದ ಕಡೆಗೆ, ಸಂಶೋಧನಾ ವಿದ್ಯಾರ್ಥಿನಿಯಾಗಿ ಸೇರಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ದೆಹಲಿಯ ಸರ್ಕಾರ ಬುದ್ಧಿವಂತ ಯುವ ವಿಜ್ಞಾನಿಗಳನ್ನು ಹೊರದೇಶಕ್ಕೆ ಓದಲು ಕಳಿಸುವ ವಿದ್ಯಾರ್ಥಿವೇತನ ಪ್ರಕಟಿಸಿತು. ರಾಜೇಶ್ವರಿ ಇಲೆಕ್ಟ್ರಾನಿಕ್ಸ್ ಓದಿಗೆ ಅರ್ಜಿ ಹಾಕಿದರು. 1946ರಲ್ಲಿ ಆಯ್ಕೆಯಾದರು. 1947ರಲ್ಲಿ ಹಡಗು ಹತ್ತಿದರು. ಸುಮಾರು ಒಂದು ತಿಂಗಳ ಪ್ರಯಾಣ. ಸೇರಿದ್ದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯ. ಅಲ್ಲಿ ಮಾಸ್ಟರ್ಸ್ ಪದವಿ ಪಡೆದು, ಆಮೇಲೆ ಏಷ್ಯಾದ ಹೆಣ್ಣುಮಕ್ಕಳಿಗಾಗಿಯೇ ಇದ್ದ ಬಾರ್ಬರ್ ವಿದ್ಯಾರ್ಥಿವೇತನ ಗಳಿಸಿ, 1953ರಲ್ಲಿ ಪಿಎಚ್.ಡಿ. ಮುಗಿಸಿದರು.

ಇದರಲ್ಲಿ ಎರಡು ಸಂಗತಿ ನೋಡಿ. ಅವರನ್ನು ಅಮೆರಿಕಕ್ಕೆ ಕಳಿಸಿದ್ದು ವಿದ್ಯಾರ್ಥಿವೇತನ. ಮತ್ತು ಅವರು ಅರ್ಜಿ ಹಾಕಿದ್ದು ಒಂದಲ್ಲ, ಹಲವು.

ಅದೇ ವರ್ಷ ತಾಯ್ನಾಡಿಗೆ ಮರಳಿ ಐಐಎಸ್‌ಸಿಯಲ್ಲಿ ಅಧ್ಯಾಪಕಿಯಾದರು. ಮೈಕ್ರೋವೇವ್ ಮತ್ತು ಆ್ಯಂಟೆನಾ ಅವರ ವಿಷಯ. ಇಪ್ಪತ್ತು ಜನರಿಗೆ ಪಿಎಚ್.ಡಿ. ಮಾರ್ಗದರ್ಶನ ಮಾಡಿದರು. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಅವರನ್ನು ಗುರುತಿಸುತ್ತಾರೆ. 2010ರಲ್ಲಿ ತೀರಿಕೊಂಡರು. ಬೆಂಗಳೂರಿನ ವಿಜ್ಞಾನ ವಲಯದಲ್ಲಿ ದೊಡ್ಡ ಹೆಸರು. ನಂಜನಗೂಡಿನ ಎಷ್ಟು ಶಾಲೆಗಳಲ್ಲಿ ಈ ಹೆಸರು ಕೇಳಿಸುತ್ತದೆ?

ಆ ವಿಭಾಗದಿಂದ ಕಾನ್ಪುರಕ್ಕೆ

‘ಇದು ಕಂಪ್ಯೂಟರ್ ಕಥೆ ಅಲ್ಲವಲ್ಲ’ ಅನ್ನಬಹುದು. ಆದರೆ ಆಗ ಕಂಪ್ಯೂಟರ್ ಸೈನ್ಸ್ ಎಂಬ ಓದೇ ಇರಲಿಲ್ಲ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಕಂಪ್ಯೂಟರ್ ಕುರಿತ ಒಂದು ವರ್ಷದ ಡಿಪ್ಲೊಮಾ ಶುರುವಾದದ್ದೇ 1953ರಲ್ಲಿ. ಅಮೆರಿಕದ ಮೊದಲ ಕಂಪ್ಯೂಟರ್ ಸೈನ್ಸ್ ವಿಭಾಗ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ ತೆರೆದದ್ದು 1962ರಲ್ಲಿ. ಅದಕ್ಕೂ ಮೊದಲು ಕಂಪ್ಯೂಟರ್ ಕಡೆಗೆ ಹೋದ ಬಹುತೇಕರು ಗಣಿತದಿಂದಲೋ, ವಿದ್ಯುತ್ ಇಂಜಿನಿಯರಿಂಗ್‌ನಿಂದಲೋ ಹೋದವರು.

ರಾಜೇಶ್ವರಿ ಅಧ್ಯಾಪಕಿಯಾಗಿ ಸೇರಿದ ಹೊತ್ತಿನಲ್ಲಿ ಅದೇ ವಿಭಾಗದಲ್ಲಿ ವಿ. ರಾಜಾರಾಮನ್ ಎಂಬ ವಿದ್ಯಾರ್ಥಿ ಓದುತ್ತಿದ್ದರು. 1955ರಲ್ಲಿ ಅಲ್ಲಿನ ಡಿಪ್ಲೊಮಾ ಪಡೆದ ಅವರೂ ಭಾರತ ಸರ್ಕಾರದ ವಿದ್ಯಾರ್ಥಿವೇತನದಿಂದಲೇ ಅಮೆರಿಕದ ಎಂಐಟಿಗೆ ಹೋದರು. ವಿಸ್ಕಾನ್ಸಿನ್‌ನಲ್ಲಿ ಪಿಎಚ್.ಡಿ. ಮುಗಿಸಿ, 1963ರಲ್ಲಿ ಐಐಟಿ ಕಾನ್ಪುರಕ್ಕೆ ಬಂದರು.

ಅದೇ 1963ರ ಆಗಸ್ಟಿನಲ್ಲಿ ಕಾನ್ಪುರಕ್ಕೆ ಐಬಿಎಂ 1620 ಎಂಬ ಕಂಪ್ಯೂಟರ್ ಬಂತು. ಕೋಣೆ ತುಂಬುವ ಯಂತ್ರ. ಅದರ ನೆನಪಿನ ಶಕ್ತಿ ಎಷ್ಟು ಗೊತ್ತೆ? ಹೆಚ್ಚೆಂದರೆ 60,000 ಅಂಕಿಗಳು. ನಿಮ್ಮ ವಾಟ್ಸಾಪಿಗೆ ಬರುವ ಒಂದು ಸಾಧಾರಣ ಫೋಟೋ ಕೂಡ ಅದರಲ್ಲಿ ಹಿಡಿಸುತ್ತಿರಲಿಲ್ಲ. ಪ್ರೋಗ್ರಾಮನ್ನು ಕೈಯಲ್ಲಿ ಬರೆದು, ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆದು, ಆ ಕಾರ್ಡುಗಳ ಕಟ್ಟನ್ನು ಯಂತ್ರಕ್ಕೆ ಉಣಿಸಬೇಕಿತ್ತು.

1965ರಲ್ಲಿ ಕಾನ್ಪುರದ ವಿದ್ಯುತ್ ವಿಭಾಗದ ಎಂ.ಟೆಕ್.ನಲ್ಲಿ ಕಂಪ್ಯೂಟರ್ ಸೈನ್ಸನ್ನು ಆರಿಸಿಕೊಂಡು ಓದುವ ಅವಕಾಶವನ್ನು ರಾಜಾರಾಮನ್ ಮತ್ತು ಸಂಗಡಿಗರು ತಂದರು. ಭಾರತದಲ್ಲಿ ಕಂಪ್ಯೂಟರ್ ಉನ್ನತ ಓದಿನ ದಾರಿ ತೆರೆದದ್ದು ಹೀಗೆ. ದೇಶದ ಬೇರೆ ಬೇರೆ ಕಡೆಯ ಅಧ್ಯಾಪಕರು, ಇಂಜಿನಿಯರುಗಳನ್ನು ಕರೆಸಿ ಹತ್ತು ದಿನದ ತರಬೇತಿಗಳನ್ನೂ ನಡೆಸಿದರು. ಅವರ ಪ್ರೋಗ್ರಾಮಿಂಗ್ ಪುಸ್ತಕ 1969ರಲ್ಲಿ ಬಂದಾಗ ಬೆಲೆ 15 ರೂಪಾಯಿ. ಹೊರದೇಶದ ಪುಸ್ತಕ ಕೊಳ್ಳಲಾಗದ ವಿದ್ಯಾರ್ಥಿಗಳಿಗೆ ಅದೇ ಆಸರೆ ಆಯಿತು.

ಮೈಸೂರಿನ ಒಬ್ಬ ವಿದ್ಯಾರ್ಥಿ ಹಾಕಿದ ಅರ್ಜಿ

ಎನ್.ಆರ್. ನಾರಾಯಣಮೂರ್ತಿ ಅವರ ಹೆಸರು ಎಲ್ಲರಿಗೂ ಗೊತ್ತು. ಅವರ ಓದಿನ ದಾರಿ ಎಲ್ಲರಿಗೂ ಗೊತ್ತಿಲ್ಲ. ತಂದೆ ಶಾಲಾ ಮೇಷ್ಟ್ರು, ಮನೆ ತುಂಬ ಮಕ್ಕಳು. ಪಿ.ಯು. ಹಂತದ ಓದು ಮುಗಿದಾಗ ಐಐಟಿ ಪ್ರವೇಶ ಪರೀಕ್ಷೆ ಪಾಸಾಗಿದ್ದರು. ಆದರೆ ಕಳಿಸಲು ಅಪ್ಪನ ಕೈಯಲ್ಲಿ ದುಡ್ಡಿರಲಿಲ್ಲ. ಹಾಗಾಗಿ ಮೈಸೂರಿನಲ್ಲೇ ಎನ್‌ಐಇ ಸೇರಿ, 1967ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಬಿ.ಇ. ಪದವಿ ಪಡೆದರು.

ಬಿ.ಇ. ಆದ ಮೇಲೆ ಅವರು ಎಂ.ಟೆಕ್.ಗೆ ಐಐಟಿ ಕಾನ್ಪುರ ಸೇರಿದರು. ಪಿ.ಯು. ಹೊತ್ತಿಗೆ ಮುಚ್ಚಿದ ಐಐಟಿ ಬಾಗಿಲು ಬಿ.ಇ. ಮುಗಿದ ಹೊತ್ತಿಗೆ ತೆರೆಯಿತು. ಅಲ್ಲಿ ಆರಿಸಿಕೊಂಡ ವಿಷಯ ಕಂಟ್ರೋಲ್ ಥಿಯರಿ, ಕಂಪ್ಯೂಟರ್ ಅಲ್ಲ. 1968ರ ಒಂದು ಭಾನುವಾರ ಬೆಳಗಿನ ತಿಂಡಿ ಹೊತ್ತಿನಲ್ಲಿ ಅಮೆರಿಕದಿಂದ ಬಂದಿದ್ದ ಕಂಪ್ಯೂಟರ್ ವಿಜ್ಞಾನಿಯೊಬ್ಬರು ಆ ವಿಷಯದ ಭವಿಷ್ಯದ ಬಗ್ಗೆ ಮಾತಾಡಿದ್ದನ್ನು ಕೇಳಿದರು. ಅಲ್ಲಿಂದ ನೇರ ಗ್ರಂಥಾಲಯಕ್ಕೆ ಹೋಗಿ, ಅವರು ಹೇಳಿದ ನಾಲ್ಕೈದು ಸಂಶೋಧನಾ ಲೇಖನ ಓದಿ, ಹೊರಗೆ ಬರುವಾಗ ಕಂಪ್ಯೂಟರ್ ಕಡೆಗೇ ಹೋಗುವುದೆಂದು ತೀರ್ಮಾನಿಸಿದ್ದರಂತೆ. ಇದನ್ನು ಅವರೇ ಭಾಷಣಗಳಲ್ಲಿ ಹೇಳಿದ್ದಾರೆ.

ಇನ್ಫೋಸಿಸ್ ಕಥೆ ಇಲ್ಲಿ ಬೇಡ. ನಮಗೆ ಬೇಕಾದದ್ದು ಇಷ್ಟು: ಪದವಿಗೆ ಹೋಗಲಾಗದ ಕಡೆಗೆ ಉನ್ನತ ಓದಿಗೆ ಹೋಗಬಹುದು. ಪಿ.ಯು. ಆದಾಗ ‘ಒಳ್ಳೆ ಕಾಲೇಜು ಸಿಗಲಿಲ್ಲ’ ಎಂದು ಬೇಸರಗೊಂಡ ನಮ್ಮೂರ ಹುಡುಗ ಹುಡುಗಿಯರಿಗೆ ಈ ಎರಡನೇ ಬಾಗಿಲು ಇವತ್ತಿಗೂ ತೆರೆದೇ ಇದೆ.

ಮನೆ ಹತ್ತಿರಕ್ಕೆ ಬಂದ ಓದು

1960ರಲ್ಲಿ, ಕುವೆಂಪು ಕುಲಪತಿಗಳಾಗಿದ್ದಾಗ, ಮಾನಸಗಂಗೋತ್ರಿ ಶುರುವಾಯಿತು. ಮುಂದೆ ಅಲ್ಲಿ ಕಂಪ್ಯೂಟರ್ ಸೈನ್ಸ್ ಅಧ್ಯಯನ ವಿಭಾಗವೂ ಬಂತು. ಕನ್ನಡ ಅಕ್ಷರಗಳನ್ನು ಯಂತ್ರಕ್ಕೆ ಗುರುತಿಸಲು ಕಲಿಸುವ ಸಂಶೋಧನೆ ಅಲ್ಲಿ ನಡೆದಿದೆ. 2018ರಲ್ಲಿ ಅದೇ ವಿಭಾಗದ ಪ್ರಾಧ್ಯಾಪಕ ಜಿ. ಹೇಮಂತಕುಮಾರ್ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯೇ ಆದರು. 1998ರಲ್ಲಿ ವಿಟಿಯು ಹುಟ್ಟಿತು. ಅದರ ಸ್ನಾತಕೋತ್ತರ ಕೇಂದ್ರವೂ ಮೈಸೂರಿನಲ್ಲಿದೆ.

ಹಳ್ಳಿ ಕಡೆಯ ಡಿಗ್ರಿ ಕಾಲೇಜಿನವರಿಗೆ ದೊಡ್ಡ ಬದಲಾವಣೆ ತಂದದ್ದು ಎಂ.ಸಿ.ಎ. ಇದರ ಹಿಂದೆಯೂ ರಾಜಾರಾಮನ್ ಇದ್ದಾರೆ. ದೇಶಕ್ಕೆ ಕಂಪ್ಯೂಟರ್ ಬಲ್ಲವರು ಎಷ್ಟು ಬೇಕು, ಅವರನ್ನು ತಯಾರು ಮಾಡುವುದು ಹೇಗೆ ಎಂದು ನೋಡಲು ಕೇಂದ್ರ ಸರ್ಕಾರ ಮಾಡಿದ ಸಮಿತಿಗೆ ಅವರೇ ಅಧ್ಯಕ್ಷರು. ಆ ಸಮಿತಿಯ ಸಲಹೆಯಂತೆ 1980ರ ದಶಕದ ಮೊದಲಲ್ಲಿ ಎಂ.ಸಿ.ಎ. ಶುರುವಾಯಿತು. ಅಲ್ಲಿಯವರೆಗೆ ಕಂಪ್ಯೂಟರ್‌ನಲ್ಲಿ ಉನ್ನತ ಪದವಿ ಎಂದರೆ ಹೆಚ್ಚಾಗಿ ಬಿ.ಇ. ಆದವರ ಸೊತ್ತು. ಎಂ.ಸಿ.ಎ. ಬಂದ ಮೇಲೆ ಗಣಿತ ಓದಿದ ಬಿ.ಎಸ್ಸಿ., ಬಿ.ಕಾಂ.ನವರೂ ಒಳಗೆ ಬಂದರು. ಮೂರು ವರ್ಷದ ಈ ಕೋರ್ಸು 2020ರಿಂದ ಎರಡೇ ವರ್ಷ.

ಗೇಟ್ ಎಂಬ ಬಾಗಿಲು

ಮೊದಲು ಒಂದೊಂದು ಸಂಸ್ಥೆಯೂ ತನ್ನದೇ ಅರ್ಜಿ, ತನ್ನದೇ ಪರೀಕ್ಷೆ, ತನ್ನದೇ ಸಂದರ್ಶನ ನಡೆಸುತ್ತಿತ್ತು. ಕಾನ್ಪುರಕ್ಕೊಂದು ಲಕೋಟೆ, ಮದ್ರಾಸಿಗೊಂದು, ಬೊಂಬಾಯಿಗೊಂದು. ಪ್ರತಿಯೊಂದಕ್ಕೂ ಬೇರೆ ಶುಲ್ಕ, ಬೇರೆ ಪ್ರಯಾಣ. 1980ರ ದಶಕದ ಆರಂಭದಲ್ಲಿ ಐಐಎಸ್‌ಸಿ ಮತ್ತು ಐಐಟಿಗಳು ಸೇರಿ ಒಂದೇ ಪರೀಕ್ಷೆ ಮಾಡಿದವು. ಅದೇ ಗೇಟ್. ಬಡವರ ಮನೆ ಮಕ್ಕಳಿಗೆ ಇದರಿಂದ ಆದ ಉಪಕಾರ ಸಣ್ಣದಲ್ಲ. ಒಂದು ಅರ್ಜಿ, ಒಂದು ಪರೀಕ್ಷೆ, ಇಡೀ ದೇಶಕ್ಕೆ.

ಕಾಗದದ ಕಾಲದಲ್ಲಿ ಅರ್ಜಿ ಪುಸ್ತಕ ತರಿಸಬೇಕು, ಬ್ಯಾಂಕಿನಲ್ಲಿ ಡಿ.ಡಿ. ತೆಗೆಸಬೇಕು, ಫೋಟೋಗೆ ಸಹಿ ಮಾಡಿಸಬೇಕು, ಕೊನೇ ದಿನದ ಒಳಗೆ ಅಂಚೆ ತಲುಪಬೇಕು. ಪೇಪರಿನ ಜಾಹೀರಾತು ಕಣ್ಣಿಗೆ ಬೀಳದಿದ್ದರೆ ಒಂದು ವರ್ಷ ಹೋದಂತೆಯೇ. 2014ರಿಂದ ಎಲ್ಲ ವಿಷಯಗಳ ಪರೀಕ್ಷೆಯೂ ಕಂಪ್ಯೂಟರ್ ಮೇಲೆಯೇ ನಡೆಯುತ್ತಿದೆ. ಅರ್ಜಿ ಆನ್‌ಲೈನ್.

ಹೊರದೇಶದ ಓದಿಗೂ ಇದೇ ಮಾತು. 1913ರಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯ ಸೇರಿದ್ದು ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ. ಸ್ವಾತಂತ್ರ್ಯ ಬಂದ ಮೇಲೆ ಕೇಂದ್ರ ಸರ್ಕಾರ 1950ರ ದಶಕದಲ್ಲಿ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ತಂದಿತು. ಕರ್ನಾಟಕದ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆ ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಹೊರದೇಶದ ಓದಿಗಾಗಿಯೇ ಇದೆ. ಇವುಗಳಿಗೂ ಕೊನೇ ದಿನಾಂಕ ಇರುತ್ತದೆ, ಅರ್ಹತೆ ಇರುತ್ತದೆ. ಸೀಟು ಸಿಕ್ಕ ಮೇಲೆ ಹುಡುಕಲು ಹೊರಟರೆ ತಡ ಆಗಬಹುದು.

ಈಗ ಯಾವ ಬಾಗಿಲು ಮುಚ್ಚಿದೆ?

ಉಳಿಯಲು ಹಾಸ್ಟೆಲ್ ಇದೆ. ದುಡ್ಡಿನ ದಾರಿಯೂ ಇದೆ. ಗೇಟ್ ಅರ್ಹತೆ ಪಡೆದು, ಆ ಅಂಕದ ಮೇಲೆ ಎಐಸಿಟಿಇ ಮಾನ್ಯತೆಯ ಕಾಲೇಜಿನಲ್ಲಿ ಪೂರ್ಣಾವಧಿ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಬರುತ್ತದೆ. ಐಐಟಿ, ಐಐಎಸ್‌ಸಿಗಳಲ್ಲಿ ಪಿಎಚ್.ಡಿ.ಗೆ ಸೇರಿದವರಿಗೆ 2023ರಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ‘ಓದಿಸೋಕೆ ದುಡ್ಡು ಎಲ್ಲಿಂದ ತರೋದು’ ಎಂದು ಕೇಳುವ ಅಪ್ಪ ಅಮ್ಮನಿಗೆ ಈ ಎರಡು ಅಂಕಿ ಯಾರೂ ಹೇಳಿರುವುದಿಲ್ಲ. ಉಳಿದಿರುವುದು ಸುದ್ದಿಯ ಬಾಗಿಲೇ. ಅರ್ಜಿ ಫೋನಿಗೇ ಬಂದಿದೆ. ಅದರ ತಿಳಿವಳಿಕೆ ಮಾತ್ರ ಇನ್ನೂ ಪಟ್ಟಣದಲ್ಲೇ ಕೂತಿದೆ.

ಹಾಗಾಗಿ ಅರ್ಜಿ ಹಾಕುವವರು ಇಷ್ಟನ್ನು ನೆನಪಿಡಿ:

• ಗೇಟ್ ಬರೆಯಲು ಬಿ.ಇ. ಮುಗಿಯುವವರೆಗೆ ಕಾಯಬೇಕಿಲ್ಲ. ಯಾವುದೇ ಪದವಿಯ ಮೂರನೇ ವರ್ಷದಲ್ಲಿ ಇರುವವರೂ ಬರೆಯಬಹುದು. ಅಂಕಕ್ಕೆ ಮೂರು ವರ್ಷ ಬೆಲೆ ಇರುತ್ತದೆ. ಎಂ.ಟೆಕ್.ಗೆ ಸೇರುವ ಅರ್ಹತೆ ಮಾತ್ರ ಒಂದೊಂದು ಸಂಸ್ಥೆಗೆ ಒಂದೊಂದು. ಎಂ.ಸಿ.ಎ. ಆದವರನ್ನೂ ಹಲವು ಕಡೆ ತೆಗೆದುಕೊಳ್ಳುತ್ತಾರೆ.

• ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ ಅರ್ಜಿ ಶುಲ್ಕ ಅರ್ಧ.

• ರಾಜ್ಯದ 2ಎ, 3ಬಿ ಪ್ರಮಾಣಪತ್ರ ಬೇರೆ, ಕೇಂದ್ರದ ಓಬಿಸಿ ಪ್ರಮಾಣಪತ್ರ ಬೇರೆ. ಗೇಟ್, ಐಐಟಿ, ಎನ್‌ಐಟಿಗೆ ಕೇಂದ್ರದ ನಮೂನೆಯದೇ ಬೇಕು. ತಾಲ್ಲೂಕು ಕಚೇರಿಯಲ್ಲಿ ಮೊದಲೇ ಮಾಡಿಸಿಟ್ಟುಕೊಳ್ಳಿ.

• ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರು, ಆಧಾರ್ ಹೆಸರು ಒಂದೇ ಇರಲಿ. ಒಂದು ಇನಿಷಿಯಲ್ ಹೆಚ್ಚುಕಡಿಮೆ ಆದರೂ ಅಲೆದಾಟ ತಪ್ಪದು.

• ಗೇಟ್ ಆಗದಿದ್ದರೆ ಕರ್ನಾಟಕದೊಳಗೆ ಎಂ.ಸಿ.ಎ., ಎಂ.ಟೆಕ್.ಗೆ ಪಿಜಿಸಿಇಟಿ ಇದೆ. ರಾಜ್ಯದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಬೇರೆಯಾಗಿ ಅರ್ಜಿ ಹಾಕಬೇಕು.

1941ರಲ್ಲಿ ಸುತ್ತೂರು ಸ್ವಾಮಿಗಳು ಊಟ, ಸೂರಿನ ಬಾಗಿಲು ತೆರೆದರು. 1946ರಲ್ಲಿ ಒಂದು ವಿದ್ಯಾರ್ಥಿವೇತನ ನಂಜನಗೂಡಿನ ವಕೀಲರ ಮಗಳಿಗೆ ಮಿಷಿಗನ್ ದಾರಿ ತೋರಿಸಿತು. ಸುದ್ದಿಯ ಬಾಗಿಲು ತೆರೆಯಲು ಚಿನ್ನದ ಕರಡಿಗೆ ಮಾರಬೇಕಾಗಿಲ್ಲ. ನಿಮ್ಮ ಬೀದಿಯಲ್ಲಿ ಬಿ.ಇ., ಬಿ.ಸಿ.ಎ. ಕೊನೇ ವರ್ಷದಲ್ಲಿರುವ ಒಬ್ಬರಿಗೆ, ಅವರ ಅಪ್ಪ ಅಮ್ಮನೂ ಕೂತಿರುವಾಗ, ಈ 12,400 ರೂಪಾಯಿಯ ವಿಷಯ ಹೇಳಿ ನೋಡಿ.